ಓದಿ ಹೇಳಿದ ಮೇಲೆ ಸಹಿ

2010ರಿಂದ 2012ರವರೆಗೆ ನಾನು ಇಲ್ಲಿನ ಕನ್ನಡ ವಿಭಾಗದಲ್ಲಿ ಎಂ.ಎ. ವಿದ್ಯಾರ್ಥಿನಿಯಾಗಿದ್ದೆ. ಹಳಗನ್ನಡ, ಶಾಸನ, ಛಂದಸ್ಸು ಎಲ್ಲವನ್ನೂ ನಮ್ಮ ಗುರುಗಳು ಮನಸ್ಸಿಟ್ಟು ಕಲಿಸಿದರು. ಆದರೂ ನನ್ನ ಬದುಕಿನ ದಿಕ್ಕನ್ನು ಗೊತ್ತುಮಾಡಿದ್ದು ವೇಳಾಪಟ್ಟಿಯ ಕೊನೆಯಲ್ಲಿ, ಶನಿವಾರಕ್ಕೆ ತಳ್ಳಿದ್ದ ಬರವಣಿಗೆಯ ಪತ್ರಿಕೆ. ಅದನ್ನು ಪಾಠ ಮಾಡುತ್ತಿದ್ದ ಮೇಡಂ ನಮ್ಮನ್ನು ಬಸ್ಸು ಹತ್ತಿಸಿ ಚಿತ್ರದುರ್ಗ ಜಿಲ್ಲೆಯ ಒಂದು ಹಟ್ಟಿಗೆ ಕರೆದುಕೊಂಡು ಹೋಗುತ್ತಿದ್ದರು. ತಮ್ಮ ಹೆಸರು ಹಾಕಬಾರದೆಂದು ಅವರು ಹೇಳಿದ್ದಾರೆ. ಹಟ್ಟಿಯ ಹೆಸರನ್ನೂ ತಾಲ್ಲೂಕಿನ ಹೆಸರನ್ನೂ ನಾನು ಬರೆಯುವುದಿಲ್ಲ. ಅಲ್ಲಿ ನಮ್ಮ ಕೆಲಸ ಇಷ್ಟು: ಜನ ಹೇಳಿದ್ದನ್ನು ಅರ್ಜಿಯಾಗಿ ಬರೆಯುವುದು, ಬರೆದದ್ದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುವುದು, ಅವರು ಒಪ್ಪಿದ ಮೇಲೆ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕಿಸುವುದು.

ಹಳ್ಳಿಗೆ ಹೋಗುವುದು ನಮಗೆ ಹೊಸದಾಗಿರಲಿಲ್ಲ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಿಗೆ ಪದವಿಯಲ್ಲಿ ನಮ್ಮಲ್ಲಿ ಬಹಳ ಮಂದಿ ಹೋಗಿದ್ದೆವು. ಚರಂಡಿ ತೆಗೆದು, ಗಿಡ ನೆಟ್ಟು, ಸಂಜೆ ಹಾಡು ಹೇಳಿ ಬಂದಿದ್ದೆವು. ಆ ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ಆದರೆ ಅಲ್ಲಿ ಕೊಡುವವರು ನಾವು, ತೆಗೆದುಕೊಳ್ಳುವವರು ಊರಿನವರು. ಮೇಡಂ ತರಗತಿಯಲ್ಲಿ ನಮ್ಮ ಬರಹವನ್ನು ತಿದ್ದುವವರೇ ಊರಿನವರು. ಶಾಲೆಯ ಮುಖ ಕಾಣದ ಮುದುಕಿಯೊಬ್ಬರು ನಮ್ಮ ವಾಕ್ಯವನ್ನು ಅರ್ಧಕ್ಕೆ ತಡೆದು, "ಇದು ನನ್ನ ಮಾತಲ್ಲ, ತೆಗೆಯಿರಿ" ಎನ್ನಬಹುದಿತ್ತು. ಹಾಗೆ ಅಂದದ್ದೂ ಉಂಟು.

ಆ ಅಜ್ಜಿಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವರಿಗೆ ವೃದ್ಧರ ಪಿಂಚಣಿಯಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಆಗ ತಿಂಗಳಿಗೆ 400 ರೂಪಾಯಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅದು ನಿಂತುಹೋಗಿತ್ತು. ನಮ್ಮ ತಂಡದ ಮೊದಲ ಕರಡಿನಲ್ಲಿ ಬಡತನದ ಬೇಗೆ, ಕಣ್ಣೀರಿನ ಬಾಳು, ತಮ್ಮ ಕೃಪಾಕಟಾಕ್ಷ ಎಲ್ಲ ಇದ್ದವು. ಓದಿ ಹೇಳಿದಾಗ ಅಜ್ಜಿ ಹೇಳಿದರು: "ನಾನು ಅಳುತ್ತಾ ಬಂದೆನೇನಪ್ಪ? ದುಡ್ಡು ಬರುತ್ತಿತ್ತು, ನಿಂತಿದೆ. ಯಾಕೆ ನಿಂತಿತು ಅಂತ ಕೇಳಿ, ಸಾಕು."

ಮೇಡಂ ಅಲ್ಲೇ, ಬೇವಿನ ಮರದ ಕಟ್ಟೆಯ ಮೇಲೆ, ಔಚಿತ್ಯದ ಪಾಠ ಮಾಡಿದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವೇ ಕಾವ್ಯದ ಜೀವ ಎಂದದ್ದನ್ನು ನಾವು ಪರೀಕ್ಷೆಗಾಗಿ ಉರುಹೊಡೆದಿದ್ದೆವು. ಹೇಳುವವರಿಗೆ ಒಪ್ಪುವ ಮಾತು ಯಾವುದು, ಕೇಳುವವರನ್ನು ಮುಟ್ಟುವ ಮಾತು ಯಾವುದು, ಎರಡೂ ಒಂದೇ ವಾಕ್ಯದಲ್ಲಿ ಕೂಡುವುದು ಹೇಗೆ ಎಂಬ ಪ್ರಶ್ನೆಯಾಗಿ ಅದು ನಮ್ಮೆದುರಿಗೆ ಬಂದದ್ದು ಆ ದಿನ. ಟಪಾಲು ವಿಭಾಗದಲ್ಲಿ ಕುಳಿತವರು ಬೆಳಗಿನಿಂದ ಇಂಥ ಕಾಗದಗಳ ರಾಶಿಯನ್ನೇ ನೋಡಿರುತ್ತಾರೆ, ಅವರಿಗೆ ‘ವಿಷಯ’ ಎಂಬ ಒಂದು ಸಾಲಿನಲ್ಲೇ ಸಂಗತಿ ಸಿಗಬೇಕು ಎಂದರು. ಕಣ್ಣೀರಿನ ಬಾಳು ಹೋಯಿತು. ಯಾವ ತಿಂಗಳವರೆಗೆ ಹಣ ಬಂದಿದೆ, ಮಂಜೂರಾತಿ ಆದೇಶದ ಸಂಖ್ಯೆ ಏನು ಎಂಬುದು ಬಂತು.

ಇನ್ನೊಂದು ಕಷ್ಟವಿತ್ತು. ನಿಂತ ಕಾರಣ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬೇಕೆಂದುಕೊಂಡಿದ್ದೆವು. 2005ರ ಆ ಕಾಯ್ದೆಯಲ್ಲಿ ಮಾಹಿತಿ ಎಂದರೆ ಕಚೇರಿಯಲ್ಲಿ ದಾಖಲೆಯ ರೂಪದಲ್ಲಿ ಇರುವಂಥದ್ದು. ಹೀಗೆ ಯಾಕೆ ಮಾಡಿದಿರಿ ಎಂಬ ಪ್ರಶ್ನೆಗೆ ವಿವರಣೆ ಕೊಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಬಾಂಬೆ ಹೈಕೋರ್ಟಿನ ಗೋವಾ ಪೀಠ 2008ರಲ್ಲಿ ಹೇಳಿತ್ತು. ಅಜ್ಜಿ ಕೇಳುತ್ತಿದ್ದದ್ದು ‘ಯಾಕೆ’ ಎಂದು ಮಾತ್ರ. ಆ ‘ಯಾಕೆ’ಯನ್ನು ಕಾಗದವಾಗಿ ಮಾರ್ಪಡಿಸುವುದೇ ನಮ್ಮ ಅಭ್ಯಾಸವಾಯಿತು: ಹಣ ನಿಲ್ಲಿಸಲು ಹೊರಡಿಸಿದ ಆದೇಶದ ಪ್ರತಿ, ಆ ಕಡತದ ಟಿಪ್ಪಣಿ ಹಾಳೆಯ ಪ್ರತಿ, ಹಿಂದಿರುಗಿದ ಮನಿಯಾರ್ಡರುಗಳ ವಿವರ. ಜೊತೆಗೆ ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಈ ಮಿತಿಯನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಬರೆದು ರೂಢಿಯಿಲ್ಲದವರಿಗೇ ಅದರ ಪೆಟ್ಟು ಹೆಚ್ಚು. ಆದರೆ ನಮ್ಮ ತರಗತಿಗೆ ಅದು ಗರಡಿಮನೆಯಾಯಿತು. ಒಂದೊಂದು ಪದವನ್ನೂ ಎತ್ತಿ ಅದರ ತೂಕ ನೋಡಿ ಇಡುವುದನ್ನು ನಾವು ಕಲಿತೆವು.

ಕರಡು ಓದಿ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. "ನಾನು ಕೇಳಿದ್ದು ಇದರಲ್ಲಿ ಎಲ್ಲಿದೆ?" ಎಂದರು. ಕಾನೂನು ಹೀಗೆ ಎಂದು ಗೆಳೆಯನೊಬ್ಬ ವಿವರಿಸಲು ಹೊರಟ. ಮೇಡಂ ಅವನನ್ನು ತಡೆದು, ಎರಡು ಕಾಗದ ಬರೆಯಿರಿ ಎಂದರು. ಮಾಹಿತಿ ಹಕ್ಕಿನ ಅರ್ಜಿಯಲ್ಲಿ ದಾಖಲೆಗಳ ಕೋರಿಕೆ. ತಹಶೀಲ್ದಾರರಿಗೆ ಬರೆಯುವ ಮನವಿಯಲ್ಲಿ ಅಜ್ಜಿಯ ‘ಯಾಕೆ’, ಅವರದೇ ಮಾತಿನಲ್ಲಿ. ಬಡತನ ರೇಖೆಗಿಂತ ಕೆಳಗಿನವರಾದ್ದರಿಂದ 10 ರೂಪಾಯಿ ಶುಲ್ಕ ಇರಲಿಲ್ಲ. ಪಡಿತರ ಚೀಟಿಯ ಪ್ರತಿ ಇಟ್ಟೆವು.

ಉತ್ತರಕ್ಕೆ ಕಾಯ್ದೆ ಕೊಡುವ ಗಡುವು 30 ದಿನ. ಉತ್ತರ ಬಂತು. ಬೇಸಿಗೆಯಲ್ಲಿ ಮನಿಯಾರ್ಡರುಗಳು ‘ವಿಳಾಸದಾರರು ಊರಿನಲ್ಲಿಲ್ಲ’ ಎಂಬ ಷರಾದೊಂದಿಗೆ ಹಿಂದಿರುಗಿದ್ದವು, ಅದರ ಮೇಲೆ ಹಣ ತಡೆಹಿಡಿದಿದ್ದರು. ಅಜ್ಜಿ ಕೇಳಿ ನಕ್ಕರು. "ಮೇವಿಲ್ಲದ ಕಾಲದಲ್ಲಿ ಕುರಿಯ ಹಿಂದೆ ಹೋಗುತ್ತೇವೆ, ಮಳೆಗೆ ಹಿಂದಿರುಗುತ್ತೇವೆ. ಊರು ಬಿಟ್ಟವರಲ್ಲ. ಹಾಗೆ ಬರೆಯಿರಿ." ಎರಡನೆಯ ಮನವಿಯನ್ನು ಈ ಮಾತಿನಿಂದಲೇ ಆರಂಭಿಸಿದೆವು. ಕೆಲವು ತಿಂಗಳ ನಂತರ ಹಣ ಮತ್ತೆ ಬರತೊಡಗಿತು. ಆ ಮನವಿಗಿಂತ ಒಳ್ಳೆಯ ಗದ್ಯವನ್ನು ನಮ್ಮ ತರಗತಿಯಲ್ಲಿ ಯಾರೂ ಬರೆಯಲಿಲ್ಲ ಎಂದು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ.

ಮಾತಿನ ಪಾಠವೂ ಅಲ್ಲೇ ನಡೆಯಿತು. ಉದ್ಯೋಗ ಖಾತರಿ ಕಾಯ್ದೆ ಮೊದಲ ಹಂತದಲ್ಲಿ, 2006ರ ಫೆಬ್ರುವರಿಯಲ್ಲೇ, ಬಂದ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಆಗ ಕೆಲಸ ಕೇಳಲು ನಮೂನೆ 6ರಲ್ಲಿ ಅರ್ಜಿ ಕೊಡಬೇಕಿತ್ತು, ಅದಕ್ಕೆ ದಿನಾಂಕ ಹಾಕಿದ ರಸೀದಿ ಪಡೆಯಬೇಕಿತ್ತು. 15 ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಾಗುತ್ತಿತ್ತು. ರಸೀದಿಯೇ ಇಲ್ಲದಿದ್ದರೆ ಆ 15 ದಿನ ಎಂದು ಶುರುವಾಯಿತೆಂದು ಯಾರು ಹೇಳಬೇಕು? ಅರ್ಜಿ ತೆಗೆದುಕೊಂಡು ರಸೀದಿಗೆ ನಾಳೆ ಬಾ ಎನ್ನುವುದು ಆಗ ಮಾಮೂಲಾಗಿತ್ತು. ನಮ್ಮಲ್ಲೊಬ್ಬರು ಪಂಚಾಯಿತಿ ಕಾರ್ಯದರ್ಶಿಯಾಗಿ ಕುಳಿತು, ಹಟ್ಟಿಯ ಹೆಂಗಸರು ಎದುರು ನಿಂತು ಕೇಳುವ ಅಭ್ಯಾಸ ನಡೆಯಿತು. ನಾವು ಬರೆದುಕೊಟ್ಟ ಮಾತುಗಳಲ್ಲಿ ಕಾಯ್ದೆಯ ಹೆಸರು, ಕಲಂ, ಹಕ್ಕು ಎಲ್ಲ ಇತ್ತು. ಒಬ್ಬ ಅಕ್ಕ ಅದನ್ನೆಲ್ಲ ಬದಿಗಿಟ್ಟು, "ಸ್ವಾಮಿ, ಕೆಲಸ ಆಮೇಲೆ ಕೊಡಿ. ಮೊದಲು ತಾರೀಖು ಕೊಡಿ" ಎಂದರು. ಇಲ್ಲವೆನ್ನಲು ಕಾರಣವೇ ಸಿಗದಷ್ಟು ಚಿಕ್ಕದನ್ನು ಕೇಳಿ, ಕಾಯ್ದೆ ಇಡಿಯಾಗಿ ಅಲುಗಾಡುವ ಜಾಗಕ್ಕೆ ಅವರು ಕೈ ಹಾಕಿದ್ದರು. ಮರುವಾರ ಪಂಚಾಯಿತಿಯಲ್ಲಿ ಎಲ್ಲರೂ ಆ ಮಾತನ್ನೇ ಆಡಿ ರಸೀದಿ ತಂದರು.

ಈ ಕ್ರಮದಲ್ಲಿ ತೊಡಕುಗಳಿದ್ದವು. ಸೆಮಿಸ್ಟರು ಮುಗಿಯುವ ದಿನಕ್ಕೂ ಕಚೇರಿಯ ಉತ್ತರ ಬರುವ ದಿನಕ್ಕೂ ಸಂಬಂಧವೇ ಇರುವುದಿಲ್ಲ. ಅಂಕ ಬಂದ ಮೇಲೆ ವಿದ್ಯಾರ್ಥಿ ಮತ್ತೆ ಯಾಕೆ ಹೋಗಬೇಕು? ಅರ್ಜಿ ಬರೆದವರೇ ಉತ್ತರ ಬರುವವರೆಗೆ, ಬೇಕಾದರೆ ಮೇಲ್ಮನವಿಯವರೆಗೆ ಜೊತೆಗಿರಬೇಕೆಂದು ಮೇಡಂ ಮೊದಲ ದಿನವೇ ಷರತ್ತು ಹಾಕಿದ್ದರು. ಒಪ್ಪದವರು ಬೇರೆ ಯೋಜನೆ ಆರಿಸಿಕೊಳ್ಳಬಹುದಿತ್ತು, ಅವರ ಮೇಲೆ ಬೇಸರವಿರಲಿಲ್ಲ. ಜನರ ಕಥೆಗಳನ್ನು ಭಿತ್ತಿಪತ್ರಿಕೆಗೆ ಹಾಕೋಣ ಎಂದು ನಾವು ಉತ್ಸಾಹದಿಂದ ಕೇಳಿದಾಗ, ಹೇಳಿದವರನ್ನು ಕೇಳಿ ಬನ್ನಿ ಎಂದರು. ಹಲವರು ಬೇಡವೆಂದರು. ಅವು ಇಂದಿಗೂ ಎಲ್ಲಿಯೂ ಅಚ್ಚಾಗಿಲ್ಲ.

ಎಂ.ಎ. ಓದುವವರಿಗೆ ಅರ್ಜಿ ಬರೆಯುವುದನ್ನು ಕಲಿಸಬೇಕೆ, ಅದು ಪ್ರೌಢಶಾಲೆಯ ವ್ಯಾಕರಣ ಪುಸ್ತಕದಲ್ಲೇ ಇದೆಯಲ್ಲ ಎಂಬ ಮಾತು ಅಂದು ಕೇಳಿಬಂದಿತ್ತು. ವ್ಯಾಕರಣ ಪುಸ್ತಕದಲ್ಲಿ ಇರುವುದು ‘ಇಂದ’, ‘ಗೆ’, ‘ಮಾನ್ಯರೇ’, ‘ತಮ್ಮ ವಿಶ್ವಾಸಿ’. ಎದುರಿಗೆ ಕುಳಿತವರ ಅರ್ಧ ಗಂಟೆಯ ಮಾತಿನಲ್ಲಿ, ಮಗನ ಮದುವೆ, ಕೈಕೊಟ್ಟ ಶೇಂಗಾ ಬೆಳೆ, ಸತ್ತ ಕುರಿ ಇವುಗಳ ನಡುವೆ, ಅವರ ಬೇಡಿಕೆ ಎಲ್ಲಿದೆ ಎಂದು ಕೇಳಿಸಿಕೊಳ್ಳುವುದು ಯಾವ ನಮೂನೆಯಲ್ಲೂ ಇಲ್ಲ. ವಿಶ್ವವಿದ್ಯಾಲಯ ಕಲಿಸಬೇಕಾದ ಬರವಣಿಗೆ ಅದೇ ಎಂದು ನನ್ನ ದೃಢ ಅಭಿಪ್ರಾಯ.

ಈಗ ನಾನು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಬರೆಯಲಾಗದವರು ಬಾಯಿಮಾತಿನಲ್ಲಿ ಕೇಳಿದರೆ ಅದನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 6ನೆಯ ಕಲಂ ಹೇಳುತ್ತದೆ. ನಮ್ಮ ಅಧಿಕಾರಿಗಳು ಆ ಕೆಲಸವನ್ನು ಹೆಚ್ಚಾಗಿ ನನಗೇ ಒಪ್ಪಿಸುತ್ತಾರೆ, ನಾನು ಇಷ್ಟಪಟ್ಟು ಮಾಡುತ್ತೇನೆ. ಅರ್ಜಿಗೆ ಕಚೇರಿಯ ಉತ್ತರವಾದ ಹಿಂಬರಹವನ್ನು ಬರೆಯುವಾಗಲೂ ಅದನ್ನು ಓದಿಸಿಕೊಂಡು ಕೇಳುವವರು ಯಾರು ಎಂದು ಯೋಚಿಸುತ್ತೇನೆ.

ವಿಭಾಗದ ಈಗಿನ ಅಧ್ಯಾಪಕರಲ್ಲಿ ಒಂದು ಕೋರಿಕೆ. ಆ ವರ್ಷಗಳ ಕರಡುಗಳನ್ನು, ಊರಿನವರು ತೆಗೆಸಿದ ಸಾಲುಗಳ ಮೇಲಿನ ಗೆರೆಗಳ ಸಮೇತ, ಮೇಡಂ ದಪ್ಪ ನೋಟ್‌ಬುಕ್ಕುಗಳಲ್ಲಿ ಅಂಟಿಸಿ ವಿಭಾಗದ ಬೀರುವಿನಲ್ಲಿ ಇಟ್ಟಿದ್ದರು. ದಯವಿಟ್ಟು ರದ್ದಿಗೆ ಹಾಕಬೇಡಿ. ಹೆಸರು, ವಿಳಾಸ ಮುಚ್ಚಿ ತರಗತಿಯಲ್ಲಿ ಬಳಸುವುದಾದರೆ, ಮೊದಲು ಹಟ್ಟಿಗೆ ಹೋಗಿ ಅವರ ಒಪ್ಪಿಗೆ ಕೇಳಬೇಕು. ಜೊತೆಗೆ ಬರಲು ನಾನು ಸಿದ್ಧಳಿದ್ದೇನೆ. ಮಳೆಗಾಲದಲ್ಲಿ ಹೋದರೆ ಎಲ್ಲರೂ ಊರಿನಲ್ಲಿ ಸಿಗುತ್ತಾರೆ.