ಪಿನ್‌ಕೋಡ್ ಒಡೆಯುತ್ತಿದ್ದ ಮಾಷ್ಟ್ರು

ಹೈಸ್ಕೂಲಿನಲ್ಲಿ ಕಲಿತ ಸೈನ್, ಕಾಸ್ ಎಲ್ಲ ಯಾವತ್ತೋ ಮರೆತುಹೋಗಿದೆ. ಆದರೆ 575001 ಅಂದರೆ 3×3×7×9127 ಅನ್ನುವುದು ಈಗಲೂ ಬಾಯಿಪಾಠ. ಕಳೆದ ಮಳೆಗಾಲದಲ್ಲಿ ತೀರಿಕೊಂಡ ನಮ್ಮ ಗಣಿತದ ಮಾಷ್ಟ್ರು ಮಾಡಿದ ಕೆಲಸ ಅದು.

ದೇಶಕ್ಕೆ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ನಾವು ಎಂಟನೇ ಕ್ಲಾಸಿಗೆ ಬಂದ ಮೇಲೂ ಮನೆಯ ಹಿರಿಯರು ಕಾಗದದ ಮೇಲೆ ಅದನ್ನು ಬರೆಯುತ್ತಿರಲಿಲ್ಲ. ಮಾಷ್ಟ್ರು ಮಾತ್ರ ಮಂಗಳೂರು ಪಾಂಡೇಶ್ವರದ ಹೆಡ್ ಪೋಸ್ಟ್ ಆಫೀಸಿನ ನಂಬರು 575001ನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಇದನ್ನು ಒಡೀರಿ ಮಾರಾಯ್ರೆ" ಅಂದರು. ಅಂಕಿಗಳನ್ನು ಕೂಡಿದರೆ 18, ಹಾಗಾಗಿ 9ರಿಂದ ಹೋಗುತ್ತದೆ. ಅಷ್ಟು ನಮಗೂ ಗೊತ್ತಿತ್ತು. ಏಳಕ್ಕೆ ಎಂತ ಮಾಡುವುದು? ಮೂರು ಮೂರು ಅಂಕಿಯ ಎರಡು ತುಂಡು ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ ಅಂದರು. 575ರಲ್ಲಿ 1 ಹೋದರೆ 574. ಅದು 7×82. ಹಾಗಾದರೆ ಇಡೀ 575001 ಕೂಡ ಏಳರಿಂದ ಹೋಗಲೇಬೇಕು! ಹನ್ನೊಂದಕ್ಕೂ ಹದಿಮೂರಕ್ಕೂ ಇದೇ ಉಪಾಯ; 574 ಅವೆರಡರಿಂದ ಹೋಗುವುದಿಲ್ಲ, 575001 ಕೂಡ ಹೋಗುವುದಿಲ್ಲ. ಗುಟ್ಟೆಲ್ಲ 1001ರಲ್ಲಿದೆ. 7, 11, 13ನ್ನು ಗುಣಿಸಿದರೆ ಸಿಗುವುದು ಅದೇ ತಾನೇ. 575001 ಅಂದರೆ 575×1001ರಲ್ಲಿ 574 ಕಳೆದದ್ದು; 1001ರ ಪಾಲು ಈ ಮೂರರಿಂದಲೂ ಹೋಗುತ್ತದೆ, ಉಳಿದ 574ನ್ನು ನೋಡಿದರೆ ಸಾಕು.

ಇಷ್ಟಾದ ಮೇಲೆ ನಾವು ಸುಮ್ನೆ ಇರುತ್ತೇವಾ? ಹಿಂದಿನ ಬೆಂಚಿನ ನಾವು ಮಾಷ್ಟ್ರ ಹೆಸರಿಗೆ ಶಾಲೆಯ ವಿಳಾಸಕ್ಕೆ ಒಂದು ಕಾರ್ಡ್ ಹಾಕಿದೆವು. ಪಿನ್ ಬರೆಯುವ ಜಾಗದಲ್ಲಿ 3×3×7×9127. ಕಾರ್ಡ್ ಬಂದದ್ದು ನೇರ ಹೆಡ್‌ಮಾಷ್ಟ್ರ ಮೇಜಿಗೆ. ಅವರಿಗೆ ಅದು ಪ್ರಶ್ನೆಪತ್ರಿಕೆಯ ಗುಪ್ತ ಸಂಕೇತದ ಹಾಗೆ ಕಂಡಿತು. ಬೆತ್ತ ಹೊರಗೆ ಬಂತು. ನಮ್ಮ ಮಾಷ್ಟ್ರು ಕಾರ್ಡ್ ತಿರುಗಿಸಿ ನೋಡಿ, "ಲೆಕ್ಕ ಸರಿ ಉಂಟಲ್ಲ ಸಾರ್" ಅಂದುಬಿಟ್ಟರು.

ಬೆತ್ತ ತಪ್ಪಿತು, ಶಿಕ್ಷೆ ತಪ್ಪಲಿಲ್ಲ. "9127 ಇನ್ನು ಒಡೆಯುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ತೋರಿಸಿ." ಸಂಜೆ ಎಲ್ಲರೂ ಮೈದಾನಕ್ಕೆ ಓಡಿದರೆ ನಾವು ಕೂತು 17, 19, 23 ಅಂತ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದೆವು. ಎಲ್ಲಿಯವರೆಗೆ? 96ನ್ನು 96ರಿಂದ ಗುಣಿಸಿದರೆ 9216, ಅಂದರೆ 9127ನ್ನು ದಾಟಿತು. ಹಾಗಾಗಿ 96ರ ಕೆಳಗಿನ ಕೊನೆಯ ಅವಿಭಾಜ್ಯ 89ಕ್ಕೆ ನಿಲ್ಲಿಸಬಹುದು. ಇದನ್ನು ಮೊದಲು ಹೇಳಿದ್ದು ನಾನೇ. ಜೊತೆಗಿದ್ದವರು ಇವತ್ತಿಗೂ ಒಪ್ಪುವುದಿಲ್ಲ, ಬಿಡಿ. ಯಾವುದರಿಂದಲೂ ಹೋಗಲಿಲ್ಲ. 9127 ಅವಿಭಾಜ್ಯವೇ. ಮುಂದೆ ಬ್ಯಾಂಕಿನಲ್ಲಿ ಕ್ಯಾಶ್ ತಾಳೆ ಆಗದೆ ಎಲ್ಲರೂ ತಲೆ ಕೆರೆದುಕೊಳ್ಳುವಾಗ, ವ್ಯತ್ಯಾಸ 9ರಿಂದ ಹೋದರೆ ಅಂಕಿ ಅದಲುಬದಲಾಗಿರಬಹುದು ಅಂತ ಹುಡುಕಲು ಹೊರಡುತ್ತಿದ್ದವನೂ ನಾನೇ.

ನನ್ನ ಮೊಮ್ಮಗಳ ಶಾಲೆಯಲ್ಲಿ ವರ್ಕ್‌ಶೀಟ್ ಜಾಸ್ತಿ, ಬೋರ್ಡಿನ ಮುಂದೆ ಕುತೂಹಲಕ್ಕೆ ಪುರುಸೊತ್ತು ಕಡಿಮೆ. ಮೊನ್ನೆ ಅವಳಿಗೆ 575001 ಕೊಟ್ಟೆ. ಮೊಬೈಲ್ ತೆಗೆದು ಕ್ಷಣದಲ್ಲಿ ಉತ್ತರ ಹೇಳಿದಳು. "ಏಳು ಯಾಕೆ ಬಂತು?" ಅಂದೆ. ಅದು ಮೊಬೈಲಿನಲ್ಲಿ ಇರಲಿಲ್ಲ. 1001ರ ಕಥೆ ಹೇಳಿದ ಮೇಲೆ ಊಟಕ್ಕೆ ಕರೆದರೂ ಏಳಲಿಲ್ಲ.

ಉಡುಪಿ ಕಡೆಯ ಗೆಳೆಯರು ತಮ್ಮ 576101ನ್ನು ಒಡೆದು ನೋಡಬಹುದು. 576ರಲ್ಲಿ 101 ಕಳೆದರೆ 475; ಹಾಗಾಗಿ 7, 11, 13 ಯಾವುದೂ ಆಗುವುದಿಲ್ಲ. 17ರಿಂದ ನೀವು ಶುರುಮಾಡಿ.