ಅಗ್ರಿಮೆಂಟ್ ಬೇರೆ, ಕ್ರಯಪತ್ರ ಬೇರೆ

ಜೂನ್ 12, 2025, ಗುರುವಾರ, ರಾತ್ರಿ 10.30

ಮಧ್ಯಾಹ್ನ ಊಟ ಮುಗಿಸಿ ಕೂತಿದ್ದೆ. ನನ್ನ ಹತ್ತಿರ ಪಿಎಚ್‌ಡಿ ಮಾಡುತ್ತಿರುವ ಹುಡುಗಿ ನಾಲ್ಕು ಹಾಳೆ ಹಿಡಿದುಕೊಂಡು ಬಂದಳು. ಮುಂದಿನ ತಿಂಗಳಿಂದ ಒಂದು ಕಂಪನಿಯ ಲ್ಯಾಬಿನಲ್ಲಿ ಮೂರು ತಿಂಗಳು ಕೆಲಸ ಮಾಡಲು ಹೋಗುತ್ತಾಳೆ. ಹಾಲಿಗೆ ಯೂರಿಯಾ ಬೆರೆಸಿದ್ದರೆ ಬಣ್ಣ ಬದಲಾಗುವ ಕಾಗದದ ಪಟ್ಟಿ ಮಾಡುವುದು ಅವಳ ಸಂಶೋಧನೆ. "ಸರ್, ಗೇಟ್ ಪಾಸಿಗೆ ಬೇಕಂತೆ, ಸೈನ್ ಮಾಡಿ ಕಳಿಸ್ಲಾ?" ಅಂದಳು.

ಮೊದಲ ಎರಡು ಹಾಳೆಯಲ್ಲಿ ಶೂ, ಮೊಬೈಲು, ಬೆಂಕಿ ಬಿದ್ದರೆ ಯಾವ ಬಾಗಿಲಲ್ಲಿ ಹೊರಗೆ ಬರಬೇಕು ಅನ್ನೋದೇ ಇತ್ತು. ಮೂರನೇ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು. ಇಲ್ಲಿನ ಕೆಲಸದಿಂದ ಹುಟ್ಟುವ ಯಾವುದೇ ಆವಿಷ್ಕಾರದ ಹಕ್ಕನ್ನು ಕಂಪನಿಗೆ 'ಹಿಯರ್‌ಬೈ ಅಸೈನ್', ಅಂದರೆ ಈ ಮೂಲಕ ಬರೆದುಕೊಟ್ಟಿದ್ದೇನೆ ಅಂತ. ಇನ್ನೂ ಹುಟ್ಟದ ಆವಿಷ್ಕಾರ, ಆಗಲೇ ಬರೆದುಕೊಟ್ಟಾಗಿದೆ!

"ಬೇಡಮ್ಮ, ಇವತ್ತು ಸೈನ್ ಮಾಡ್ಬೇಡ" ಅಂದೆ. ಕೂರಿಸಿಕೊಂಡು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕಥೆ ಹೇಳಿದೆ. ಇದನ್ನು ನಮ್ಮ ಲ್ಯಾಬುಗಳ ಪ್ರತಿ ಹುಡುಗ ಹುಡುಗಿಗೂ ಹೇಳಬೇಕು ಅನ್ನಿಸುತ್ತದೆ, ಅದಕ್ಕೇ ಇಲ್ಲೂ ಬರೆಯುತ್ತಿದ್ದೇನೆ.

ಮಾರ್ಕ್ ಹೊಲೊಡ್ನಿ ಅನ್ನುವ ಸಂಶೋಧಕ 1988ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ಸೇರಿದರು. ಸೇರುವಾಗ ಸಹಿ ಹಾಕಿದ ಕಾಗದದಲ್ಲಿ, ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಡಲು ಒಪ್ಪುತ್ತೇನೆ ಅಂತ ಇತ್ತು. ಆಮೇಲೆ ಅವರನ್ನು ಪಿಸಿಆರ್ (ಚೂರು ಡಿಎನ್‌ಎಯಿಂದ ಲಕ್ಷಾಂತರ ಪ್ರತಿ ಮಾಡುವ ವಿಧಾನ) ಕಲಿಯಲು ಸೀಟಸ್ ಅನ್ನುವ ಕಂಪನಿಗೆ ಕಳಿಸಿದರು. ಒಳಗೆ ಬಿಡಬೇಕಾದರೆ ಸಹಿ ಹಾಕಿ ಅಂತ ಆ ಕಂಪನಿ ಒಂದು ವಿಸಿಟರ್ ಕಾಗದ ಕೊಟ್ಟಿತು. ಅದರಲ್ಲಿದ್ದದ್ದು, ಬರೆದುಕೊಡುತ್ತೇನೆ ಮತ್ತು ಈ ಮೂಲಕ ಬರೆದುಕೊಟ್ಟಿದ್ದೇನೆ. ಒಂಬತ್ತು ತಿಂಗಳು ಅಲ್ಲಿ ಕೆಲಸ ಮಾಡಿ, ರಕ್ತದಲ್ಲಿ ಎಚ್‌ಐವಿ ಎಷ್ಟಿದೆ ಅಂತ ಅಳೆಯುವ ವಿಧಾನ ಕಂಡುಕೊಂಡು, ಸ್ಟ್ಯಾನ್‌ಫರ್ಡಿಗೆ ವಾಪಸ್ ಬಂದು ಅದನ್ನು ಮುಂದುವರಿಸಿದರು. ವಿಶ್ವವಿದ್ಯಾಲಯ ಪೇಟೆಂಟ್ ಮಾಡಿಸಿತು. ಅಷ್ಟರಲ್ಲಿ, 1991ರಲ್ಲಿ, ಸೀಟಸ್‌ನ ಪಿಸಿಆರ್ ವ್ಯವಹಾರವನ್ನು ರೋಶ್ ಅನ್ನುವ ಔಷಧ ಕಂಪನಿ ಕೊಂಡುಕೊಂಡಿತ್ತು. ರೋಶ್ ಮಾಡಿದ ಎಚ್‌ಐವಿ ಕಿಟ್‌ಗಳು ದೇಶ ದೇಶದ ಆಸ್ಪತ್ರೆಗಳಿಗೆ ಹೋದವು.

2005ರಲ್ಲಿ ಸ್ಟ್ಯಾನ್‌ಫರ್ಡ್ ರೋಶ್ ಮೇಲೆ ಕೇಸ್ ಹಾಕಿತು. ಸಂಶೋಧನೆಗೆ ಸರ್ಕಾರದ ದುಡ್ಡು ಬಂದಿತ್ತು, ಅಂಥ ಆವಿಷ್ಕಾರದ ಹಕ್ಕನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ಬಿಡುವ 1980ರ ಬೇ-ಡೋಲ್ ಕಾಯ್ದೆ ಪ್ರಕಾರ ಹಕ್ಕು ತಾನಾಗೇ ನಮ್ಮದು ಅನ್ನೋದು ಅವರ ವಾದ. 2011ರ ಜೂನ್ 6ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಅದನ್ನು ಒಪ್ಪಲಿಲ್ಲ. ಹಕ್ಕು ಮೊದಲಿಗೆ ಇರುವುದು ಕಂಡುಹಿಡಿದವರ ಹತ್ತಿರ, ದುಡ್ಡು ಯಾರದ್ದೇ ಇರಲಿ, ಅವರು ಬರೆದುಕೊಟ್ಟರೆ ಮಾತ್ರ ಬೇರೆಯವರಿಗೆ ಹೋಗುತ್ತದೆ ಅಂದಿತು. ಕೆಳಗಿನ ಕೋರ್ಟು ಆಗಲೇ ಹೇಳಿತ್ತು, ಸ್ಟ್ಯಾನ್‌ಫರ್ಡ್ ಹತ್ತಿರ ಇದ್ದದ್ದು ಬರೀ ಮಾತು, ಸೀಟಸ್ ಹತ್ತಿರ ಇದ್ದದ್ದು ಹಸ್ತಾಂತರ.

ಇದು ನಮಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ? ಸೈಟಿಗೆ ಸೇಲ್ ಅಗ್ರಿಮೆಂಟ್ ಇದ್ದಮಾತ್ರಕ್ಕೆ ಸೈಟು ನಮ್ಮದಾಗುವುದಿಲ್ಲ. ನಮ್ಮಪ್ಪ ಅಗ್ರಿಮೆಂಟ್ ಮಾಡಿಸಿ, ಅಡ್ವಾನ್ಸ್ ಕೊಟ್ಟು, ರಿಜಿಸ್ಟ್ರೇಷನ್ ಮುಂದಿನ ವರ್ಷ ಅಂತ ಬಿಟ್ಟಿದ್ದರು. ಮಾರುವವರು ಅಷ್ಟರಲ್ಲಿ ಇನ್ನೊಬ್ಬರಿಗೆ ಕ್ರಯಪತ್ರ ಮಾಡಿಕೊಟ್ಟರು. ಆ ಛಾಪಾ ಕಾಗದ ಇನ್ನೂ ಅಮ್ಮನ ಟ್ರಂಕಿನಲ್ಲಿದೆ. ಹುಡುಗಿಗೆ ಇದನ್ನು ಹೇಳಿದ ತಕ್ಷಣ, "ಹಾಗಾದ್ರೆ ಇದು ಕ್ರಯಪತ್ರ ಸರ್" ಅಂತ ಮೂರನೇ ಹಾಳೆ ಮೇಲೆ ಬೆರಳಿಟ್ಟಳು.

ನಮ್ಮ ದೇಶದಲ್ಲೂ ಅರ್ಜಿ ಹಾಕುವ ಹಕ್ಕು ಮೊದಲು ನಿಜವಾಗಿ ಕಂಡುಹಿಡಿದವರದ್ದೇ, ಇಲ್ಲವೇ ಅವರು ಬರೆದುಕೊಟ್ಟವರದ್ದು. 1970ರ ಪೇಟೆಂಟ್ ಕಾಯ್ದೆಯಲ್ಲಿ ಉದ್ಯೋಗ ಕೊಟ್ಟವರಿಗೆ ತಾನಾಗೇ ಹಕ್ಕು ಹೋಗುತ್ತದೆ ಅನ್ನುವ ಸಾಲಿಲ್ಲ. ಬೇ-ಡೋಲ್ ತರದ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆ ಆಗಲೇ ಇಲ್ಲ. ಹಾಗಾಗಿ ಎಲ್ಲ ನಿಂತಿರುವುದು ಕಾಗದದ ಮೇಲೆ: ಪ್ರಾಜೆಕ್ಟ್ ಮಂಜೂರಾತಿ ಪತ್ರ, ಸಂಸ್ಥೆಯ ಪಾಲಿಸಿ, ಕಂಪನಿ ಜೊತೆಗಿನ ಎಂಒಯು (ಒಡಂಬಡಿಕೆ ಪತ್ರ). ಕೇಂದ್ರದ ವಿಜ್ಞಾನ ಸಚಿವಾಲಯ 2000ದಲ್ಲಿ ಕೊಟ್ಟ ಸೂಚನೆ ಪ್ರಕಾರ ಅದರ ದುಡ್ಡಿನಲ್ಲಿ ಆದ ಆವಿಷ್ಕಾರ ಸಂಸ್ಥೆಯದ್ದಾಗಬಹುದು, ಗಳಿಕೆಯಲ್ಲಿ ಕಂಡುಹಿಡಿದವರ ಪಾಲು ಮೂರನೇ ಒಂದರ ತನಕ.

ಪಾಲು ಅಂದರೆ ಚಿಲ್ಲರೆ ಅಂದುಕೊಳ್ಳಬೇಡಿ. ಕೋಹೆನ್ ಮತ್ತು ಬೋಯರ್ ಅನ್ನುವ ಇಬ್ಬರು ವಿಜ್ಞಾನಿಗಳ ಡಿಎನ್‌ಎ ಜೋಡಿಸುವ ವಿಧಾನದ ಪೇಟೆಂಟಿಗೆ 468 ಕಂಪನಿಗಳು ಲೈಸೆನ್ಸ್ ತೆಗೆದುಕೊಂಡವು. 1997ರಲ್ಲಿ ಅವಧಿ ಮುಗಿಯುವ ಹೊತ್ತಿಗೆ ಸ್ಟ್ಯಾನ್‌ಫರ್ಡಿಗೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ಸೇರಿ ಸುಮಾರು 25 ಕೋಟಿ ಡಾಲರ್ ಬಂದಿತ್ತು. ಸ್ಟ್ಯಾನ್‌ಫರ್ಡಿನ ಕ್ರಮ ನನಗೆ ಇಷ್ಟ. ಲೈಸೆನ್ಸ್ ಕಚೇರಿಗೆ ಶೇ. 15, ಪೇಟೆಂಟಿನ ಖರ್ಚು ಕಳೆದು, ಉಳಿದದ್ದು ಮೂರು ಪಾಲು: ಕಂಡುಹಿಡಿದವರಿಗೆ, ಅವರ ವಿಭಾಗಕ್ಕೆ, ಆ ವಿಭಾಗ ಸೇರಿರುವ ಕಾಲೇಜಿಗೆ (ಅಲ್ಲಿ ಅದನ್ನು ಸ್ಕೂಲ್ ಅನ್ನುತ್ತಾರೆ). ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಪಾಲಿಸಿ ಇದೆ, ವಿದ್ಯಾರ್ಥಿಗಳ ಕೈಗೆ ಮಾತ್ರ ಅದು ತಲುಪುವುದಿಲ್ಲ. ಸೇರುವ ದಿನ ಐಡಿ ಕಾರ್ಡ್ ಜೊತೆಗೇ ಕೊಡಬೇಕು ಅದನ್ನ.

ಸಂಜೆ ರಿಸರ್ಚ್ ಆಫೀಸಿಗೆ ಮೇಲ್ ಹಾಕಿದೆವು. ಆ ಸಾಲು ತೆಗೆಯಬೇಕು, ಹಕ್ಕಿನ ಮಾತು ಸಂಸ್ಥೆ ಮತ್ತು ಕಂಪನಿ ನಡುವಿನ ಒಪ್ಪಂದದಲ್ಲಿ ಬರಬೇಕು, ಅವಳು ಇಲ್ಲಿಂದ ತೆಗೆದುಕೊಂಡು ಹೋಗುವ ಕೆಲಸವನ್ನು ಬೇರೆಯಾಗಿ ಪಟ್ಟಿ ಮಾಡಬೇಕು ಅಂತ. ಆಮೇಲೆ, ಅಲ್ಲಿಗೆ ಹೋಗುವ ಮೊದಲೇ ಏನೇನು ಮಾಡಿದ್ದಳು ಅನ್ನುವುದಕ್ಕೆ ದಾಖಲೆ ಇರಲಿ ಅಂತ, ಅವಳ ಲ್ಯಾಬ್ ನೋಟ್‌ಬುಕ್ ತರಿಸಿಕೊಂಡೆ. ಒಟ್ಟು ಮೂರು ಇವೆ. ಪ್ರತಿ ಪುಟದ ಕೆಳಗೆ ಅವಳ ಸಹಿ, ನೋಡಿದ್ದೇನೆ ಅಂತ ನನ್ನ ಸಹಿ, ಇವತ್ತಿನ ತಾರೀಕು. ಏಳು ಗಂಟೆ ಹೊತ್ತಿಗೆ ಒಂದು ಮುಗಿಯಿತು. ಇನ್ನೆರಡು ನಾಳೆ.