ತರಂಗಂಬಾಡಿಯ ಮರಳು

ನಾನು ತಮಿಳುನಾಡಿನ ಕಡಲತೀರದ ತರಂಗಂಬಾಡಿಯನ್ನು ನೋಡಬೇಕೆಂದು ಮನೆ ಬಿಟ್ಟವಳಲ್ಲ. ಅಕ್ಕನ ಯಜಮಾನರಿಗೆ ಅರವತ್ತು ತುಂಬಿತ್ತು. ಮಾರ್ಕಂಡೇಯನಿಗಾಗಿ ಶಿವನು ಯಮನನ್ನೇ ಒದ್ದನೆಂದು ಹೇಳುವ ತಿರುಕ್ಕಡೈಯೂರಿನ ಅಮೃತಘಟೇಶ್ವರನ ಸನ್ನಿಧಿಯಲ್ಲಿಯೇ ಷಷ್ಟ್ಯಬ್ದಿ ಶಾಂತಿ ನಡೆಯಬೇಕೆಂದು ಅವರ ಮಕ್ಕಳು ನಿಶ್ಚಯಿಸಿದ್ದರಿಂದ, ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಮಯಿಲಾಡುತುರೈಯಲ್ಲಿ ಇಳಿದ ಹನ್ನೊಂದು ಜನರಲ್ಲಿ ನಾನೂ ಒಬ್ಬಳಾಗಿದ್ದೆ. ಆ ಮೂರು ದಿನಗಳ ಹೋಮ, ಕಲಶಸ್ನಾನ, ಊಟೋಪಚಾರಗಳೆಲ್ಲ ಅಕ್ಕನ ಮನೆಯ ವಿಡಿಯೋದಲ್ಲಿ ಭದ್ರವಾಗಿವೆ. ಇಲ್ಲಿ ಅವುಗಳ ವಿವರ ಬೇಡ. ನಾಲ್ಕನೆಯ ದಿನ ಉಳಿದವರು ನವಗ್ರಹ ಕ್ಷೇತ್ರಗಳ ಕಡೆಗೆ ಹೊರಟಾಗ, ಮೊಣಕಾಲು ನೋವಿನ ನೆಪ ಹೇಳಿ ನಾನು ದಕ್ಷಿಣಕ್ಕೆ ಹೋಗುವ ಬಸ್ಸು ಹತ್ತಿದೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಟ್ಟವಳಿಗೆ ಕಿಟ್ಟೆಲ್, ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿಗಳ ಹೆಸರುಗಳು ಬಾಯಿಪಾಠ. ಆದರೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬರುವುದಕ್ಕೆ ನೂರಿಪ್ಪತ್ತೆಂಟು ವರ್ಷ ಮೊದಲೇ ಇನ್ನಿಬ್ಬರು ಜರ್ಮನ್ ಪಾದ್ರಿಗಳು ಈ ಕಡಲತೀರದಲ್ಲಿ ಇಳಿದಿದ್ದರು ಎಂಬುದನ್ನು ಓದಿ ತಿಳಿದಿದ್ದೆನೇ ಹೊರತು, ಅವರು ಇಳಿದ ತರಂಗಂಬಾಡಿ ತಿರುಕ್ಕಡೈಯೂರಿನಿಂದ ಅರ್ಧ ಗಂಟೆಯ ದಾರಿ ಎಂಬುದು ನಕ್ಷೆ ನೋಡುವವರೆಗೂ ತಿಳಿದಿರಲಿಲ್ಲ.

ಒಂದು ರಾತ್ರಿ ಅಲ್ಲಿಯೇ ಇರೋಣವೆಂದು ಫೋನಿನಲ್ಲಿ ಕೋಣೆಯೊಂದನ್ನು ಕಾಯ್ದಿರಿಸಿ ಪೂರ್ತಿ ಹಣ ಕಳಿಸಿದ್ದೆ. ವಸತಿಗೃಹದ ಹೆಸರು ಬೇಡ. ಕಡಲಿಗೆ ಮುಖ ಮಾಡಿದ ಕೋಣೆ ಎಂದು ಎರಡು ಸಲ ಹೇಳಿಸಿಕೊಂಡಿದ್ದೆನಾದರೂ ಸಿಕ್ಕಿದ ಕೋಣೆಯ ಕಿಟಕಿ ನೀರಿನ ಟ್ಯಾಂಕಿಗೆ ಮುಖ ಮಾಡಿತ್ತು. ಅದೂ ಮಧ್ಯಾಹ್ನ ಮೂರರ ಮೇಲೆ. ಆ ಕಡೆಗೆ ಹೋಗುವವರಿಗೆ ನನ್ನ ಮಾತಿಷ್ಟೇ: ಅರ್ಧ ಹಣವನ್ನು ಮಾತ್ರ ಮುಂಗಡ ಕೊಡಿ, ಉಳಿದದ್ದನ್ನು ಕಿಟಕಿ ತೆರೆದು ನೋಡಿದ ಮೇಲೆ ಕೊಡಿ. ಹೀಗೆ ಬೆಳಿಗ್ಗೆ ಹತ್ತೂವರೆಗೆ ಕೈಯಲ್ಲಿ ಚೀಲ, ತಲೆಯ ಮೇಲೆ ಬಿಸಿಲು ಹೊತ್ತುಕೊಂಡು ನಾನು ಊರೊಳಗೆ ನಡೆದೆ.

1792ರ ಹೆಬ್ಬಾಗಿಲನ್ನು ದಾಟಿದರೆ ರಾಜಬೀದಿ ನೇರವಾಗಿ ಕಡಲಿಗೆ ಹೋಗುತ್ತದೆ. ಎರಡೂ ಬದಿಯಲ್ಲಿ ದಪ್ಪ ಗೋಡೆಯ ಸುಣ್ಣದ ಮನೆಗಳು, ನಡುವೆ ಆಡುಗಳು. ‘ಹಾಡುವ ಅಲೆಗಳ ಊರು’ ಎಂದು ಪ್ರವಾಸಿಗರಿಗೆ ಹೇಳುವ ಅರ್ಥ ನನಗೆ ರುಚಿಸಲಿಲ್ಲ. ಹದಿನಾಲ್ಕನೆಯ ಶತಮಾನದ ಶಾಸನದಲ್ಲಿ ಊರಿನ ಹೆಸರು ಸಡಂಗನ್‌ಪಾಡಿ ಎಂದಿದೆ. ಪಾಡಿ ಎಂದರೆ ನೆಲೆ, ಊರು, ನಮ್ಮ ಕರಾವಳಿಯ ಹಾಡಿಗೆ ನೆಂಟ. ಆ ಕಾಲದ ಮಾಸಿಲಾಮಣಿನಾಥರ ಗುಡಿ ಇಂದಿಗೂ ಕಡಲಂಚಿನಲ್ಲಿದೆ, ಅರ್ಧ ಭಾಗವನ್ನು ನೀರಿಗೆ ಕೊಟ್ಟುಕೊಂಡು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನಿಂದ ಒಪ್ಪಿಗೆ ಪಡೆದು ಡೆನ್ಮಾರ್ಕಿನವರು ಕಟ್ಟಿದ ಡಾನ್ಸ್‌ಬೋರ್ಗ್ ಕೋಟೆ ಅದಕ್ಕೆ ಸಮೀಪದಲ್ಲಿದೆ. ಹಳದಿ ಬಣ್ಣ ಬಳಿಸಿಕೊಂಡ ಆ ಕೋಟೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದು ಕಾಳುಮೆಣಸಿನ ಉಗ್ರಾಣಕ್ಕೆ ಫಿರಂಗಿ ಇಟ್ಟಂತೆ ಕಂಡಿತು. ಹದಿನೈದು ನಿಮಿಷದಲ್ಲಿ ಹೊರಗೆ ಬಂದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಯಾಚೆಯ ಮರಳು. ಪಾದ್ರಿಗಳು ಇಳಿದ ನೆನಪಿಗೆ ಅಲ್ಲೊಂದು ಸ್ಮಾರಕವಿದೆ. 1705ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನಿಂದ ಹೊರಟ ಸೋಫಿಯಾ ಹೆಡ್ವಿಗ್ ಎಂಬ ಹಡಗು 1706ರ ಜುಲೈ 9ರಂದು ಇಲ್ಲಿ ಬಾರ್ತೊಲೊಮೇಯುಸ್ ಸೀಗನ್‌ಬಾಲ್ಗ್ ಮತ್ತು ಹೈನ್ರಿಶ್ ಪ್ಲೂಟ್ಶೌ ಎಂಬ ಇಬ್ಬರನ್ನು ಇಳಿಸಿತು. ಇಬ್ಬರೂ ಜರ್ಮನರು, ಆಚಾರಕ್ಕಿಂತ ಅಂತರಂಗದ ಭಕ್ತಿಗೆ ಹೆಚ್ಚು ಬೆಲೆ ಕೊಡುತ್ತಿದ್ದ ಲೂಥರನ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು. ಕಳಿಸಿದವನು ಮಾತ್ರ ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕ್. ಸೀಗನ್‌ಬಾಲ್ಗನಿಗೆ ಮಾರನೆಯ ದಿನ ಇಪ್ಪತ್ನಾಲ್ಕು ತುಂಬುವುದಿತ್ತು. ದೊರೆಯ ಪತ್ರ ಕೈಯಲ್ಲಿದ್ದರೂ ಇಲ್ಲಿನ ಡೆನ್ಮಾರ್ಕಿನ ವ್ಯಾಪಾರ ಕಂಪನಿಯವರು ಇವರನ್ನು ಆದರಿಸಲಿಲ್ಲ. ಊರಿನ ಜನರಿಗೆ ಧರ್ಮಬೋಧನೆ ಮಾಡುವವರು ಬಂದರೆ ಊರಿನ ವರ್ತಕರು ಕೋಪಗೊಂಡು ವ್ಯಾಪಾರ ಕೆಡುತ್ತದೆಂಬ ಲೆಕ್ಕ ಅವರದು. ಮುಂದೆ 1708ರ ಕೊನೆಯಲ್ಲಿ ಗವರ್ನರ್ ಹಾಸ್ಸಿಯುಸ್ ಸೀಗನ್‌ಬಾಲ್ಗನನ್ನು ಇದೇ ಕೋಟೆಯಲ್ಲಿ ನಾಲ್ಕು ತಿಂಗಳು ಸೆರೆಯಲ್ಲಿಟ್ಟ. ಕ್ರೈಸ್ತ ಧರ್ಮ ಬಿಳಿಯರ ಬಂದೂಕಿನ ನೆರಳಿನಲ್ಲಿ ಹರಡಿತೆಂದು ತರಗತಿಯಲ್ಲಿ ಸಲೀಸಾಗಿ ಹೇಳುತ್ತಿದ್ದವಳು ನಾನು; ಇಲ್ಲಿ ಬಂದೂಕಿನವರೇ ಪಾದ್ರಿಯನ್ನು ಕೂಡಿಹಾಕಿದ್ದರು.

ಸೆರೆಗಿಂತ ಹೆಚ್ಚಾಗಿ ನನ್ನನ್ನು ಕಲಕಿದ್ದು ಅದಕ್ಕೆ ಮುಂಚಿನ ಸಂಗತಿ. ಬಂದ ಹೊಸದರಲ್ಲಿ ಪ್ಲೂಟ್ಶೌ ಇಲ್ಲಿನ ವ್ಯವಹಾರಕ್ಕೆ ಬಳಕೆಯಲ್ಲಿದ್ದ ಪೋರ್ಚುಗೀಸನ್ನೂ ಸೀಗನ್‌ಬಾಲ್ಗ್ ತಮಿಳನ್ನೂ ವಹಿಸಿಕೊಂಡರು. ಕಲಿಯಲು ವ್ಯಾಕರಣವಿಲ್ಲ, ನಿಘಂಟಿಲ್ಲ. ಆಗ ಎಪ್ಪತ್ತರ ಆಸುಪಾಸಿನ ಒಬ್ಬ ಮಠದಯ್ಯನನ್ನು ಒಪ್ಪಿಸಿ, ಅವನ ಪಾಠಶಾಲೆಯನ್ನೇ ತಮ್ಮ ಮನೆಗೆ ಕರೆಸಿಕೊಂಡರು. ಮಕ್ಕಳು ಸಾಲಾಗಿ ಕುಳಿತು ನೆಲದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುವಾಗ, ಈ ಯುರೋಪಿಯನ್ನನೂ ಅವರ ಪಕ್ಕದಲ್ಲಿ ಕುಳಿತು ಅದನ್ನೇ ತಿದ್ದಿದ. ನನ್ನ ಅಜ್ಜ ಕೂಲಿಮಠದಲ್ಲಿ ಓದಿದವರು. ಐಗಳು ಬೆರಳು ಹಿಡಿದು ಮರಳಿನಲ್ಲಿ ಉಜ್ಜಿಸಿದ್ದಕ್ಕೆ ಉಗುರಿನ ಸಂದಿಯಲ್ಲಿ ರಕ್ತ ಬಂದದ್ದನ್ನು ಅವರು ತೊಂಬತ್ತರ ವಯಸ್ಸಿನಲ್ಲಿಯೂ ಹೇಳುತ್ತಿದ್ದರು. ಧರ್ಮ ಕಲಿಸಲು ಏಳು ತಿಂಗಳು ಕಡಲಿನಲ್ಲಿ ಬಂದ ವಿದ್ಯಾವಂತನೊಬ್ಬ ಮೊದಲು ಮಾಡಿದ ಕೆಲಸ ಐದು ವರ್ಷದ ಹುಡುಗರ ಸಾಲಿನಲ್ಲಿ ಕುಳಿತದ್ದು ಎಂಬುದನ್ನು ಎಂದೋ ಓದಿ ಮರೆತಿದ್ದೆ; ಆ ಮರಳಿನ ಮೇಲೆ ನಿಂತಾಗ ಅದು ಉಗುರಿನ ಸಂದಿಗೆ ತಾಗಿದಂತೆ ನೆನಪಾಯಿತು. ಆ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಇದೇ ಮರಳಿನ ಪಾಠವನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇದನ್ನು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೂ ಒಯ್ದನು.

ಆ ಮುದುಕ ಮಠದಯ್ಯನಿಗೆ ಯುರೋಪಿನ ಭಾಷೆ ಬಾರದು; ಹಾಗಾಗಿ ಅಕ್ಷರ ಬಂದರೂ ಅರ್ಥ ಬರಲಿಲ್ಲ. ಅದಕ್ಕೆಂದು ಕಂಪನಿಯ ಹಳೆಯ ದುಭಾಷಿ ಅಳಗಪ್ಪನನ್ನು ಗೊತ್ತುಮಾಡಿಕೊಂಡರು. ಆತನ ನೆರವಿನಿಂದ 1708ರ ಹೊತ್ತಿಗೆ ಸೀಗನ್‌ಬಾಲ್ಗ್ ತಾನು ಸಂಗ್ರಹಿಸಿದ ನೂರಕ್ಕೂ ಹೆಚ್ಚು ತಮಿಳು ಗ್ರಂಥಗಳ ಪಟ್ಟಿಯನ್ನೇ ಬರೆದ. ಅಳಗಪ್ಪನಿಗೆ ಸಿಕ್ಕಿದ ಪ್ರತಿಫಲ ಊರಿನಿಂದ ಬಹಿಷ್ಕಾರ.

ಹನ್ನೊಂದೂವರೆಗೆ ರಾಜಬೀದಿಯ ನ್ಯೂ ಜೆರುಸಲೇಮ್ ದೇವಾಲಯದ ಮೆಟ್ಟಿಲಲ್ಲಿ ಕುಳಿತು, ಫೋನಿನಲ್ಲಿ ವಸತಿಗೃಹದವರನ್ನು ಕನ್ನಡದಲ್ಲಿ ಬಯ್ಯುತ್ತಿದ್ದೆ. ಬೀಗ ಹಾಕಲು ಬಂದ ಹಿರಿಯರೊಬ್ಬರು ನಿಂತು ಕೇಳಿಸಿಕೊಂಡು, “ಏನಮ್ಮಾ, ಬೆಂಗಳೂರಾ? ಬಿಸಿಲಲ್ಲಿ ಕೂತ್ಕೊಂಡು ಬಯ್ಯಬೇಡಿ, ಒಳಗೆ ಬನ್ನಿ” ಎಂದರು. ಕೋಲಾರದ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ದುಡಿದು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಪೂರ್ವಿಕರ ಊರಿಗೆ ಮರಳಿದವರು ಅವರು. ಈಗ ಗುಡಿಯ ಕೀಲಿ, ಗಂಟೆ, ದೀಪ ನೋಡಿಕೊಳ್ಳುವ ‘ಕೋಯಿಲ್ ಪಿಳ್ಳೈ’. ಮುಂದಿನ ಎರಡು ಗಂಟೆ ನಾನು ಎಲ್ಲಿಗೂ ಹೋಗಲಿಲ್ಲ.

1718ರಲ್ಲಿ ಪೂರ್ಣಗೊಂಡ ಈ ದೇವಾಲಯದ ಮುಂಗೋಡೆಯಲ್ಲಿ ಫ್ರೆಡರಿಕ್ ದೊರೆಯ ಕಿರೀಟಲಾಂಛನವಿದೆ; ಒಳಗೆ ಶಿಲುಬೆಯಾಕಾರದ ನಾಲ್ಕು ತೋಳುಗಳು, ಬಿಳಿ ಗೋಡೆ, ತಂಪು. ಚಿತ್ರ, ವಿಗ್ರಹಗಳ ಸಂದಣಿಯಿಲ್ಲದ ಆ ಸರಳತೆ ನನಗೆ ತುಂಬ ಹಿಡಿಸಿತು. ವೇದಿಯ ಬಳಿ ಸೀಗನ್‌ಬಾಲ್ಗನ ಸಮಾಧಿ. 1719ರ ಫೆಬ್ರವರಿ 23ರಂದು ತೀರಿಕೊಂಡಾಗ ಅವನಿಗೆ ಮೂವತ್ತಾರು ವರ್ಷ.

“ಇವರೇ ನಮ್ಮ ಅಯ್ಯರ್” ಎಂದರು ಕೋಯಿಲ್ ಪಿಳ್ಳೈ. ತಮಿಳು ಲೂಥರನ್ನರು ಪಾದ್ರಿಗಳನ್ನು ಅಯ್ಯರ್ ಎಂದೇ ಕರೆಯುತ್ತಾರೆ. ಅಜ್ಜನಿಗೆ ಅಕ್ಷರ ತಿದ್ದಿಸಿದ ಐಗಳೂ ಅದೇ ‘ಅಯ್ಯ’ ಎಂಬ ಶಬ್ದದಿಂದ ಬಂದವರು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಇವರಿಗೆ ಕಲಿಸಿದ ಮೇಷ್ಟ್ರೂ ಅಯ್ಯರ್‌ರೇ ಅಲ್ವಾ? ಅವರ ಕಲ್ಲು ಎಲ್ಲಿದೆ?” ಎಂದು ನನ್ನನ್ನೇ ಕೇಳಿದರು. ಆ ಕಲ್ಲು ಇಲ್ಲ.

ಕೇಳಲೋ ಬೇಡವೋ ಎಂದು ಹಿಂಜರಿಯುತ್ತ ಇನ್ನೊಂದು ಮಾತನ್ನೂ ಕೇಳಿದೆ. ಈ ಸಭೆಯಲ್ಲಿ ಮೊದಲಿನಿಂದಲೂ ಶೂದ್ರರೆನಿಸಿಕೊಂಡ ಕ್ರೈಸ್ತರಿಗೂ ಪರೈಯರೆನಿಸಿಕೊಂಡವರಿಗೂ ಬೇರೆ ಬೇರೆ ಜಾಗವಿತ್ತು, ಮಿಷನರಿಗಳು ಅದನ್ನು ಸಹಿಸಿಕೊಂಡು ಬಂದಿದ್ದರು. ಮೊದಲ ದೀಕ್ಷಾಸ್ನಾನ ಪಡೆದವರು ಯುರೋಪಿಯನ್ನರ ಮನೆಗಳ ಐವರು ಗುಲಾಮರು, 1707ರಲ್ಲಿ. ಅವರ ನಂತರ ಬಂದವರು ತಮ್ಮ ತಮ್ಮ ಜಾತಿಯನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬರಲಿಲ್ಲ.

“ಇತ್ತಮ್ಮಾ. ನಮ್ಮ ಹಿರೀಕರು ಎಲ್ಲಿ ಕೂತಿದ್ರು ಅಂತ ನಮ್ಮ ಮನೇಲಿ ಹೇಳ್ತಾರೆ” ಎಂದು ಅವರು ಒಂದು ತೋಳಿನ ಕಡೆಗೆ ಗಲ್ಲ ಎತ್ತಿ ತೋರಿಸಿದರು.

“ಈಗ?”

“ಈಗ ಫ್ಯಾನ್ ಇರೋ ಕಡೆ ಎಲ್ಲರೂ ಕೂತ್ಕೊಳ್ತಾರೆ.” ಸ್ವಲ್ಪ ತಡೆದು, “ಮದುವೆ ವಿಷಯ ಮಾತ್ರ ಕೇಳಬೇಡಿ” ಎಂದರು.

ನಾನು ಕೇಳಲಿಲ್ಲ. ಅವರೇ ಮಾತು ಬದಲಿಸಿ, 1733ರಲ್ಲಿ ದೀಕ್ಷೆ ಪಡೆದ ಆರೋನ್ ಎಂಬ ತಮಿಳು ಪಾದ್ರಿಯ ಹೆಸರನ್ನು ಹೆಮ್ಮೆಯಿಂದ ಹೇಳಿದರು. ಭಾರತದಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಯಾದ ಮೊದಲ ಭಾರತೀಯ ಅವನು. ಸೀಗನ್‌ಬಾಲ್ಗ್ ಸತ್ತಾಗ ಸಭೆಯಲ್ಲಿದ್ದವರು ಕೆಲವೇ ನೂರು ಜನ. ಅದು ಒಳನಾಡಿಗೆ ಹಬ್ಬಿದ್ದು ಹೀಗೆ ಊರೂರು ತಿರುಗಿದ ತಮಿಳು ಉಪದೇಶಿಗಳ ಕಾಲಿನಿಂದ.

ಸೀಗನ್‌ಬಾಲ್ಗ್ ಇಲ್ಲಿ ಹೂಡಿದ ಅಚ್ಚುಕೂಟದ ಕಥೆಯನ್ನು ನಾವಿಬ್ಬರೂ ಹಂಚಿಕೊಂಡು ಹೇಳಿದೆವು. ನನಗೆ ಗೊತ್ತಿದ್ದದ್ದು ನಾನು, ಅವರಿಗೆ ಗೊತ್ತಿದ್ದದ್ದು ಅವರು. ಲಂಡನ್ನಿನಿಂದ ಬರುತ್ತಿದ್ದ ಯಂತ್ರದ ಹಡಗನ್ನು ಬ್ರೆಜಿಲಿನ ಬಳಿ ಫ್ರೆಂಚರು ಹಿಡಿದರು, ಜೊತೆಗೆ ಹೊರಟಿದ್ದ ಮುದ್ರಕ ದಾರಿಯಲ್ಲಿಯೇ ತೀರಿಕೊಂಡ, 1712ರಲ್ಲಿ ಯಂತ್ರ ತಲುಪಿದಾಗ ಅದನ್ನು ನಡೆಸಿದವನು ಕೋಟೆಯ ದಂಡಿನಲ್ಲಿದ್ದ ಕೆಲಸ ಬಲ್ಲ ಸಿಪಾಯಿ. ಜರ್ಮನಿಯ ಹಾಲೆ ನಗರದಲ್ಲಿ ಎರೆದು ಕಳಿಸಿದ ತಮಿಳು ಅಚ್ಚುಮೊಳೆಗಳು ವಿಪರೀತ ದಪ್ಪವಾಗಿದ್ದು ಕಾಗದವನ್ನೆಲ್ಲ ನುಂಗುತ್ತಿದ್ದುದರಿಂದ ಇಲ್ಲಿಯೇ ಸಣ್ಣ ಮೊಳೆಗಳನ್ನು ಎರೆದರು, ಪಕ್ಕದ ಪೊರೈಯಾರಿನಲ್ಲಿ ಕಾಗದದ ಕಾರ್ಖಾನೆಯನ್ನೇ ಹೂಡಿದರು. 1715ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ತಮಿಳಿನಲ್ಲಿ ಪೂರ್ತಿ ಹೊರಬಂತು. ತಮಿಳಿನ ಮೊದಲ ಅಚ್ಚು ಪುಸ್ತಕ ಇಲ್ಲಿಯದೇ ಎಂದು ಅವರು ವಾದಿಸಿದರು. ಕೊಲ್ಲಂನಲ್ಲಿ ಕ್ಯಾಥೊಲಿಕ್ ಪಾದ್ರಿಗಳು 1578ರಲ್ಲಿಯೇ ತಮಿಳಿನಲ್ಲಿ ಅಚ್ಚು ಹಾಕಿದ್ದರೆಂದು ನಾನು ಹೇಳಿದ್ದು ಅವರಿಗೆ ಇಷ್ಟವಾಗಲಿಲ್ಲ. ಕನ್ನಡಕ್ಕೆ ಅಚ್ಚಿನ ಭಾಗ್ಯ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಬಂಗಾಳದ ಶ್ರೀರಾಮಪುರದಲ್ಲಿ. ವಿಲಿಯಂ ಕೇರಿ ಎಂಬ ಮಿಷನರಿಯ ಕನ್ನಡ ವ್ಯಾಕರಣ ಅಲ್ಲಿ ಮುದ್ರಣಗೊಂಡಿತು, 1817ರಲ್ಲಿ. ಶ್ರೀರಾಮಪುರವೂ ಡೆನ್ಮಾರ್ಕಿನವರದೇ ನೆಲೆಯಾಗಿತ್ತು, 1845ರಲ್ಲಿ ಎರಡೂ ಊರುಗಳನ್ನು ಒಟ್ಟಿಗೇ ಇಂಗ್ಲಿಷರಿಗೆ ಮಾರಿದರು ಎಂದಾಗ ಅವರಿಗೆ ಕೋಪ ಇಳಿಯಿತು.

ಅವರಿಗೆ ತಿಳಿದಿರದ ಒಂದು ಸಂಗತಿಯನ್ನು ನಾನು ಹೇಳಿದೆ. ಮಕ್ಕಳ ಜೊತೆ ತಿದ್ದಿ ಕಲಿತ ತಮಿಳಿನಿಂದ ಸೀಗನ್‌ಬಾಲ್ಗ್ ಇಲ್ಲಿನ ದೇವತೆಗಳ ವಂಶಾವಳಿಯ ಬಗ್ಗೆ 1713ರಲ್ಲಿ ದೊಡ್ಡ ಗ್ರಂಥವನ್ನು ಬರೆದು ಹಾಲೆಗೆ ಕಳಿಸಿದ. ಜನರೊಡನೆ ಪತ್ರ ಬರೆದು, ಕೇಳಿ, ತಿಳಿದು ಬರೆದದ್ದು. ಹಾಲೆಯ ಗುರು ಫ್ರಾಂಕೆಗೆ ಅದು ಸರಿಬರಲಿಲ್ಲ: ಮಿಷನರಿಗಳು ಹೋದದ್ದು ಅನ್ಯಮತವನ್ನು ಕಿತ್ತುಹಾಕುವುದಕ್ಕೆ, ಅದರ ಕಥೆಗಳನ್ನು ಯುರೋಪಿನಲ್ಲಿ ಹರಡುವುದಕ್ಕಲ್ಲ ಎಂಬ ನಿಲುವು ಅವನದು. ಹಸ್ತಪ್ರತಿ ನೂರೈವತ್ತು ವರ್ಷ ಹಾಗೆಯೇ ಉಳಿದು, 1867ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕೋಯಿಲ್ ಪಿಳ್ಳೈ ಸಮಾಧಿಯ ಕಡೆಗೆ ನೋಡಿ, “ಪಾಪ, ಮೇಲಧಿಕಾರಿಗಳು ಎಲ್ಲಾ ಕಡೆ ಒಂದೇ” ಎಂದರು, ಗಣಿಯಲ್ಲಿ ದುಡಿದವರ ದನಿಯಲ್ಲಿ.

ಮೈಸೂರಿನ ನೆನಪೂ ಈ ಊರಿಗುಂಟು. 1750ರಲ್ಲಿ ಇಲ್ಲಿಗೆ ಬಂದ ಶ್ವಾರ್ಟ್ಸ್ ಎಂಬ ಪಾದ್ರಿ 1779ರಲ್ಲಿ ಇಂಗ್ಲಿಷರ ದೂತನಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯನ್ನು ಕಂಡಿದ್ದ. ಇಂಗ್ಲಿಷರನ್ನು ನಂಬದ ಹೈದರನಿಗೆ ಈ ಪಾದ್ರಿಯ ಮಾತಿನ ಮೇಲೆ ನಂಬಿಕೆಯಿತ್ತು. ಧರ್ಮ ಸಾರಲು ಬಂದವನು ರಾಜಕಾರಣದ ಓಲೆ ಹೊತ್ತದ್ದನ್ನು ಮೆಚ್ಚಬೇಕೋ ಬೇಡವೋ ನನಗೆ ಇನ್ನೂ ಬಗೆಹರಿದಿಲ್ಲ.

ಸಂಜೆ ನೀರಿನ ಟ್ಯಾಂಕನ್ನು ನೋಡುತ್ತ ಕುಳಿತಿರಲಾರದೆ ಮತ್ತೆ ಕಡಲಿಗೆ ಹೋದೆ. ದೇವಾಲಯದ ಗಂಟೆ ಮುಗಿಸಿ ಅವರೂ ಬಂದರು. ಸೀಗನ್‌ಬಾಲ್ಗನಿಗೆ ತಮಿಳಿನಲ್ಲಿ ಯಾವ ಅಕ್ಷರ ಎಲ್ಲಕ್ಕಿಂತ ಕಷ್ಟವಾಗಿದ್ದೀತು ಎಂದು ನಾನು ಕೇಳಿದ್ದೇ ತಡ, ಬಗ್ಗಿ ಒದ್ದೆ ಮರಳಿನಲ್ಲಿ ಬೆರಳಿನಿಂದ ಅದನ್ನು ಬರೆದರು: ತಮಿೞ್ ಎನ್ನುವಲ್ಲಿ ಕೊನೆಗೆ ಬರುವ ೞ. ಅದು ನಮ್ಮಲ್ಲಿಯೂ ಇತ್ತು, ಪಂಪನ ಕಾಲದಲ್ಲಿ ನಾವೂ ಮೞೆ, ಏೞು ಎನ್ನುತ್ತಿದ್ದೆವು ಎಂದೆ. ಅವರು ಬೆರಗಾದರು.

“ಆಮೇಲೆ ಎಲ್ಲಿ ಹೋಯ್ತಮ್ಮಾ?”

“ಳಕಾರದೊಳಗೆ ಸೇರಿಹೋಯಿತು.”

“ಅಂಥಾ ಒಳ್ಳೆ ಅಕ್ಷರಾನ ಬಿಟ್ಟುಬಿಟ್ರಾ? ಎಲ್ಲಿ, ಹೇಳಿ ನೋಡೋಣ.”

ಮೂವತ್ತು ವರ್ಷ ಹಳಗನ್ನಡ ಪಾಠ ಮಾಡಿಯೂ ಒಮ್ಮೆಯೂ ಬಾಯಿಂದ ಸರಿಯಾಗಿ ಹೊರಡಿಸದ ಆ ಅಕ್ಷರವನ್ನು ನಾಲಿಗೆ ಮಡಿಸಿ ಹೇಳಿದೆ. ಅವರು ತಲೆಯಾಡಿಸಿದರು. ಇನ್ನೆರಡು ಸಲ ಹೇಳಿದೆ. ಅಲೆಯೊಂದು ಬಂದು ಬರೆದದ್ದನ್ನು ಒಯ್ದಿತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ಮೊದಲಿಗಿಂತ ದೊಡ್ಡದಾಗಿ ಬರೆದು, “ಇನ್ನೊಂದ್ಸಲ” ಎಂದರು.